ಇಲಿಯ ಕಣ್ಣಿನ ಸುದ್ದಿ, ಅಪ್ಪನ ಕಣ್ಣಿನ ಹನಿ

ಖಾನಾಪುರದ ಕಾಕಾ ಹಿಂಡಲಗಾದ ಮನೆಗೆ ಬಂದವರೇ ಮೊಬೈಲ್ ತೆಗೆದು ಅಪ್ಪನ ಮುಂದೆ ಹಿಡಿದರು. “ಅಣ್ಣಾ, ಇಲಿಗೋಳಿಗೆ ನೂರಕ್ಕ ತೊಂಬತ್ಮೂರು ಗುಣ ಆಗೇತಂತ ನೋಡು. ಆ ಹನಿ ಬಿಡು, ಈ ಗುಳಿಗಿ ತಗೋ.”

ಅಪ್ಪನಿಗೆ ಗ್ಲಾಕೋಮಾ. ರಾತ್ರಿ ಹಾಕಿಕೊಳ್ಳುವ ಹನಿಯಿಂದ ಕಣ್ಣು ಕೆಂಪಾಗುತ್ತದೆ, ಉರಿಯುತ್ತದೆ ಎಂಬ ಬೇಸರ ಅವರಿಗೆ ಮೊದಲೇ ಇತ್ತು. ತಮ್ಮನ ಮಾತು ಕೇಳಿ, ಮನೆಯಲ್ಲಿ ಯಾರಿಗೂ ಹೇಳದೆ ಹನಿ ನಿಲ್ಲಿಸಿಬಿಟ್ಟರು. ಪೇಪರ್ ಓದುವುದು, ಗಣಪತಿ ಗುಡಿಗೆ ನಡೆದು ಹೋಗುವುದು ಎಲ್ಲ ಎಂದಿನಂತೆಯೇ ನಡೆದಿತ್ತು. ಒಂದು ಸಂಜೆ ವೆಂಗುರ್ಲಾ ರಸ್ತೆ ದಾಟುವಾಗ ಪಕ್ಕದಿಂದ ಬಂದ ಬೈಕ್ ಅವರಿಗೆ ಕಾಣಲೇ ಇಲ್ಲ. ಯಾರೋ ಪುಣ್ಯಾತ್ಮರು ತೋಳು ಹಿಡಿದು ಹಿಂದಕ್ಕೆ ಎಳೆದರು.

ಬೆಳಗಾವಿಯ ಆಸ್ಪತ್ರೆಯಲ್ಲಿ ಕಣ್ಣಿನ ಒತ್ತಡ ಏರಿರುವುದು ಗೊತ್ತಾಯಿತು. ಆಮೇಲೆ ದೃಷ್ಟಿಕ್ಷೇತ್ರದ ಪರೀಕ್ಷೆ. ಕತ್ತಲೆ ಕೋಣೆ, ದೊಡ್ಡ ಬಿಳಿ ಬೋಗುಣಿಯಂಥ ಯಂತ್ರ. ಒಂದು ಕಣ್ಣು ಮುಚ್ಚಿ, ಗದ್ದ ಊರಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅತ್ತಿತ್ತ ಬೆಳಕಿನ ಕಿಡಿ ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಮೊದಮೊದಲು ಟಕ್, ಟಕ್ ಎಂದು ಸದ್ದು ಬರುತ್ತಿತ್ತು. ಆಮೇಲೆ ನಿಂತಿತು. ಯಂತ್ರ ಕಿಡಿ ತೋರಿಸುತ್ತಲೇ ಇತ್ತು. ಅಪ್ಪ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾಯುತ್ತಲೇ ಇದ್ದರು. “ಯಂತ್ರ ಬಂದ್ ಆತೇನವ್ವಾ?” ಎಂದು ತಂತ್ರಜ್ಞೆಯನ್ನು ಕೇಳಿದರು. ಆಕೆ “ಇಲ್ರೀ ಅಜ್ಜಾರ, ನಡದೈತಿ” ಎಂದಳು. ಪಕ್ಕದಲ್ಲಿ ಕುಳಿತಿದ್ದ ನನಗೆ ಆಗ ಉಸಿರು ಕಟ್ಟಿದಂತಾಯಿತು. ಹಿಂದಿನ ವರದಿಯಲ್ಲಿ ಅಂಚಿಗಷ್ಟೇ ಇದ್ದ ಕಪ್ಪು ಈಗ ಒಳಕ್ಕೆ ಹಬ್ಬಿತ್ತು. ಹೋದದ್ದು ಮರಳಿ ಬರುವುದಿಲ್ಲ ಎಂದು ವೈದ್ಯರು ಮೆಲ್ಲಗೆ ಹೇಳಿದರು.

ಹೊಸ ಚಾಳೀಸು ಹಾಕಿಸಿದರೆ ಆಗುವುದಿಲ್ಲವೇ ಎಂದು ಬಂಧುಗಳೆಲ್ಲ ಕೇಳಿದ್ದಾರೆ. ಆಗುವುದಿಲ್ಲ. ಇಲ್ಲಿ ಕೆಡುವುದು ಮಸೂರವಲ್ಲ, ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರ. ಮನುಷ್ಯನ ಒಂದೊಂದು ಕಣ್ಣಿನಿಂದ ಹತ್ತು ಲಕ್ಷಕ್ಕೂ ಮಿಕ್ಕಿದ ನರದೆಳೆಗಳು ಹೊರಡುತ್ತವೆ. ಕಾಕಾ ತೋರಿಸಿದ ಸುದ್ದಿಯ ಇಲಿಯಲ್ಲಿ ಸುಮಾರು 45,000. ಎರಡೂ ಕಣ್ಣಿನ ನರಗಳು ದಾರಿಯಲ್ಲಿ ಕೂಡುತ್ತವೆ. ನಮ್ಮಲ್ಲಿ ಅಲ್ಲಿ ಅರ್ಧದಷ್ಟು ಎಳೆಗಳು ಮಾತ್ರ ಎದುರು ಬದಿಗೆ ದಾಟಿದರೆ, ಇಲಿಯಲ್ಲಿ ಹೆಚ್ಚುಕಡಿಮೆ ಶೇಕಡಾ 95ರಷ್ಟು ದಾಟುತ್ತವೆ. ಇಲಿಯ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ, ಒಂದೊಂದೂ ತನ್ನ ಬದಿಯ ಲೋಕವನ್ನು ನೋಡುತ್ತದೆ. ನಮ್ಮವು ಒಂದೇ ದೃಶ್ಯವನ್ನು ಕೂಡಿ ನೋಡುತ್ತವೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಉಳಿದದ್ದನ್ನು ಮಿದುಳು ಹೊಂದಿಸಿಕೊಳ್ಳುತ್ತದೆ. ಅಪ್ಪನಿಗೆ ಅಷ್ಟು ಕಾಲ ಏನೂ ತಿಳಿಯದೇ ಹೋದದ್ದು ಹೀಗೆ.

ಎಳೆಗಳು ಸೇರುವ ಜಾಗವೂ ಬೇರೆ. ನಮ್ಮಲ್ಲಿ ಹೆಚ್ಚಿನವು ಮಿದುಳಿನ ಥಲಾಮಸ್ ಎಂಬ ಭಾಗಕ್ಕೆ ಹೋಗುತ್ತವೆ, ಅಲ್ಲಿಂದ ಸಂಕೇತ ತಲೆಯ ಹಿಂಭಾಗದ ಮಿದುಳಿಗೆ ಮುಟ್ಟುತ್ತದೆ. ಇಲಿಯಲ್ಲಿ ಬಹುಪಾಲು ಎಳೆಗಳು ನಡುಮಿದುಳಿನ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಭಾಗವನ್ನು ಮುಟ್ಟುತ್ತವೆ. ತಲೆಯ ಮೇಲೆ ನೆರಳು ಹಿಗ್ಗಿದೊಡನೆ ಓಡಿಸುವ ಅಥವಾ ಮಿಸುಕದಂತೆ ನಿಲ್ಲಿಸುವ ಕೆಲಸದಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ. ಭತ್ತದ ಗದ್ದೆಯ ಇಲಿ ಹದ್ದಿನಿಂದ ತಪ್ಪಿಸಿಕೊಳ್ಳಬೇಕಲ್ಲ!

ಹಾಗೆಂದು ಇಲಿಯ ಸಂಶೋಧನೆಯನ್ನು ಹಗುರಾಗಿ ನೋಡುವಂತಿಲ್ಲ. ಡಿಬಿಎ/2ಜೆ ಎಂಬ ತಳಿಯ ಇಲಿಗಳಿಗೆ ವಯಸ್ಸಾದಂತೆ ತಾನಾಗಿಯೇ ಗ್ಲಾಕೋಮಾ ಬರುತ್ತದೆ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಇಂಥ ಇಲಿಗಳ ಕಣ್ಣಿಗೆ ಹೊಳೆಯುವ ಗುರುತುವಸ್ತು ಹಾಕಿ ಅದರ ಪಯಣ ನೋಡಿದರು. ನರದೆಳೆಯೊಳಗಿನ ಸಾಗಾಟ ಮೊದಲು ಸೋತದ್ದು ಮಿದುಳಿನ ತುದಿಯಲ್ಲಿ. ಆಗಿನ್ನೂ ಕಣ್ಣಿನ ಜೀವಕೋಶಗಳು ಬದುಕಿದ್ದವು. ಕಣ್ಣಿನ ಕಾಯಿಲೆ ಎಂದುಕೊಂಡದ್ದು ಮಿದುಳಿನ ಕಾಯಿಲೆಯೂ ಹೌದು ಎಂಬುದು ಅಲ್ಲಿ ಕಣ್ಣಿಗೆ ಕಂಡಿತು.

ಕಾಕಾ ಹೇಳಿದ ಅಂಕಿಯೂ ಸುಳ್ಳಲ್ಲ. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ವಿಟಮಿನ್ ಬಿ3ಯ ಒಂದು ರೂಪವಾದ ನಿಕೋಟಿನಮೈಡ್ ಕೊಟ್ಟ ಇಲಿಗಳ ಶೇಕಡಾ 93ರಷ್ಟು ಕಣ್ಣುಗಳಲ್ಲಿ ನರ ಉಳಿಯಿತು. ಆದರೆ ಅದನ್ನು ಕೊಟ್ಟದ್ದು ನರ ಕೆಡುವ ಮೊದಲು. ಸತ್ತ ಎಳೆ ಅಲ್ಲಿ ಚಿಗುರಲಿಲ್ಲ. ಪ್ರಮಾಣವೋ, ದಿನಕ್ಕೆ ಕಿಲೋ ತೂಕಕ್ಕೆ 2,000 ಮಿಲಿಗ್ರಾಂ. 60 ಕಿಲೋ ಮನುಷ್ಯನಿಗೆ ನೇರ ಗುಣಿಸಿದರೆ 120 ಗ್ರಾಂ, ಅಂದರೆ 500 ಮಿಲಿಗ್ರಾಮಿನ 240 ಗುಳಿಗೆ! ವಿಜ್ಞಾನಿಗಳು ಹಾಗೆ ನೇರ ಗುಣಿಸುವುದಿಲ್ಲ, ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ದಿನಕ್ಕೆ ಮೂರು ಗ್ರಾಂವರೆಗೆ ಕೊಟ್ಟಿದ್ದಾರೆ. ಅಲ್ಲಿಯೂ ಗ್ಲಾಕೋಮಾದ ಮಾಮೂಲು ಚಿಕಿತ್ಸೆ ನಿಲ್ಲಿಸಿರಲಿಲ್ಲ. ನಿಕೋಟಿನಮೈಡ್ ಹೆಚ್ಚಾದರೆ ಯಕೃತ್ತಿಗೂ ಅಪಾಯವಿದೆ. ಇದೊಂದನ್ನೂ ಓದದೆ, ಅಣ್ಣನ ಕಣ್ಣಿನ ವಿಷಯದಲ್ಲಿ ಕಾಕಾ ಮೊಬೈಲಿನ ಒಂದು ಸಾಲನ್ನು ನಂಬಿದರಲ್ಲ ಎಂಬ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ಮನೆಯಲ್ಲಿ ಗ್ಲಾಕೋಮಾ ಇರುವವರು ಹನಿ ಉರಿದರೆ ವೈದ್ಯರಿಗೆ ಹೇಳಿ, ಬೇರೆ ಹನಿ ಬರೆದುಕೊಡುತ್ತಾರೆ. ತಾವಾಗಿ ನಿಲ್ಲಿಸಬೇಡಿ. ದೃಷ್ಟಿಕ್ಷೇತ್ರದ ಹಳೆಯ ವರದಿಗಳನ್ನು ಜೋಪಾನವಾಗಿಡಿ, ಹೊಸದರ ಪಕ್ಕದಲ್ಲಿಟ್ಟರೇ ಅವುಗಳ ಅರ್ಥ ತಿಳಿಯುವುದು. ಈ ಕಾಯಿಲೆ ರಕ್ತಸಂಬಂಧದಲ್ಲಿ ಬರುವುದುಂಟು; ಅಣ್ಣತಮ್ಮ, ಅಕ್ಕತಂಗಿ, ಮಕ್ಕಳೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಾನು ಮಾಡಿಸಿಕೊಂಡಿದ್ದೇನೆ. ಕಾಕಾ ಮಾತ್ರ “ನನಗೇನಾಗೇತಿ, ಚಲೋ ಕಾಣ್ತೈತಿ” ಎನ್ನುತ್ತಿದ್ದಾರೆ. ಅವರನ್ನು ಬೆಳಗಾವಿಗೆ ಕರೆತರುವ ಹೊಣೆಯನ್ನು ಈಗ ಅಪ್ಪನೇ ಹೊತ್ತುಕೊಂಡಿದ್ದಾರೆ.