ಕೆಲಸ ಮೊದಲು, ಕೂಟ ಆಮೇಲೆ

ಬೆಳಗಾವಿಯ ಚರ್ಚುಗಳಿಗೆ ವಯಸ್ಸಾಗಿದೆ. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಇಲ್ಲಿಗೆ ಬಂದದ್ದು 1820ರಲ್ಲಿ; ಕಥೋಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಗಂಟೆ, ಗೋಪುರ, ಗೋರಿಗಳಿಗೆ ಇಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಜ್ಞಾನೋಪದೇಶದ ತರಗತಿ ಮುಗಿಸಿದವರು ಮದುವೆಯ ತನಕ ಚರ್ಚಿನಲ್ಲಿ ಕಾಣಿಸದೇ ಹೋಗುವ ಆ ಹತ್ತು-ಹನ್ನೆರಡು ವರ್ಷಗಳಲ್ಲಿ. ಉದ್ಯಮಬಾಗದ ಫೌಂಡ್ರಿಯಲ್ಲಿ ಪಾಳಿ ಮಾಡುವ ಹುಡುಗ, ನರ್ಸಿಂಗ್ ಓದುವ ಹುಡುಗಿ, ಡಿಗ್ರಿ ಮುಗಿಸಿ ಪುಣೆಯ ಕೆಲಸದ ಕರೆಗೆ ಕಾಯುವವರು, ಹೀಗೆ ನಮ್ಮ ಯುವಜನ ಕೂಟ. ಇವರ ಜೊತೆ ನಗರದಲ್ಲೂ ಖಾನಾಪುರದಲ್ಲೂ ಬಹಳ ವರ್ಷ ಓಡಾಡಿದ್ದೇನೆ. ಈಗ ಕೂಟ ನಡೆಸಲು ಹೊರಟವರಿಗೆ ಉಪಯೋಗವಾದೀತೆಂದು ಕಲಿತದ್ದನ್ನು ಬರೆದಿಡುತ್ತಿದ್ದೇನೆ.

1. ಮೊದಲ ದಿನವೇ ಕೈಗೆ ಕೆಲಸ ಕೊಡಿ

ಹೊಸಬರನ್ನು ವೃತ್ತಾಕಾರವಾಗಿ ಕೂರಿಸಿ "ನಿಮ್ಮ ವಿಶ್ವಾಸದ ಬಗ್ಗೆ ಹೇಳಿ" ಎಂದರೆ ತಲೆ ತಗ್ಗಿಸುತ್ತಾರೆ. ಅದೇ "ಆ ಅಜ್ಜಿಗೆ ಔಷಧ ತಲುಪಿಸಿ ಬಾರೋ ತಮ್ಮಾ" ಎಂದರೆ ಗಾಡಿ ಕಿಕ್ ಹೊಡೆದು ಹೊರಡುತ್ತಾರೆ. ದಾರಿಯಲ್ಲಿ ಹಿಂದೆ ಕೂತವನ ಜೊತೆ ಮಾತು ಶುರುವಾಗುತ್ತದೆ. ವಿಶ್ವಾಸದ ಮಾತೂ ಅಲ್ಲೇ ಬರುತ್ತದೆ, ಯಾರೂ ಕೇಳದೆ.

1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರೊಂದಿಗೆ ಚರ್ಚಾಕೂಟ ನಡೆಸುತ್ತಿದ್ದ. ಕ್ರೈಸ್ತರು ಬಡವರಿಗಾಗಿ ಈಗೇನು ಮಾಡುತ್ತಿದ್ದಾರೆ ಎಂಬ ಪ್ರಶ್ನೆ ಅಲ್ಲಿ ಎದ್ದಾಗ, ವಾದ ಬಿಟ್ಟು ಬಡವರ ಮನೆಗಳಿಗೆ ಹೋಗಲು ಶುರುಮಾಡಿದರು. ನಮ್ಮ ಎಷ್ಟೋ ಚರ್ಚುಗಳಲ್ಲಿ ಹಿರಿಯರು ನಡೆಸಿಕೊಂಡು ಬಂದಿರುವ ವಿನ್ಸೆಂಟ್ ದಿ ಪೌಲ್ ಸಂಘ ಹುಟ್ಟಿದ್ದು ಹೀಗೆ. ಅದನ್ನು ಹುಟ್ಟಿಸಿದವರು ಕಾಲೇಜು ಹುಡುಗರು ಎಂಬುದನ್ನು ನಮ್ಮ ಕಾಲೇಜು ಹುಡುಗರಿಗೆ ಹೇಳಬೇಕು.

2. ಭಾಷೆಯ ವಿಷಯದಲ್ಲಿ ತಾಳ್ಮೆ, ಆದರೆ ಸಡಿಲಿಕೆ ಬೇಡ

ನಮ್ಮ ಕೂಟದಲ್ಲಿ ಮನೆಯಲ್ಲಿ ಕನ್ನಡ ಆಡುವವರು, ಮರಾಠಿಯವರು, ಕೊಂಕಣಿಯವರು ಒಟ್ಟಿಗೆ ಕೂರುತ್ತಾರೆ. ಕಾನ್ವೆಂಟಿನಲ್ಲಿ ಓದಿದವರಿಗೆ ಇಂಗ್ಲಿಷೇ ಸಲೀಸು. ಖಾನಾಪುರದ ಕಡೆ ಮರಾಠಿ, ಕೊಂಕಣಿ ಇನ್ನೂ ಹೆಚ್ಚು. ನವೆಂಬರ್ 1 ಬಂತೆಂದರೆ ಊರಿನ ಒಂದು ಭಾಗದಲ್ಲಿ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಭಾಗದಲ್ಲಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವವರ ಕರಾಳ ದಿನ. ಆ ಬಿಸಿ ಚರ್ಚಿನ ಕಾಂಪೌಂಡಿನೊಳಗೂ ಬರುತ್ತದೆ. ಬರುವುದಿಲ್ಲ ಎನ್ನುವವರು ವಾಟ್ಸ್ಆ್ಯಪ್ ಗುಂಪು ನೋಡಿಲ್ಲ.

ಎಲ್ಲವನ್ನೂ ನಾಲ್ಕು ಸಲ ಹೇಳುವ ಪದ್ಧತಿಯಿಂದ ಎಲ್ಲರಿಗೂ ಬೇಸರ. ಎಲ್ಲರಿಗೂ ಬರುತ್ತದೆಂದು ಇಂಗ್ಲಿಷ್ ಒಂದನ್ನೇ ಹಿಡಿದರೆ ಹಳ್ಳಿಯಿಂದ ಬಂದವರು ಹಿಂದಿನ ಸಾಲಿಗೆ ಸರಿಯುತ್ತಾರೆ, ಒಂದು ತಿಂಗಳಲ್ಲಿ ಬರುವುದನ್ನೇ ಬಿಡುತ್ತಾರೆ. ನಮಗೆ ಹೊಂದಿದ ಕ್ರಮ ಇದು: ವಾಚನ ಒಂದು ವಾರ ಒಂದು ಭಾಷೆಯಲ್ಲಿ, ಪಾಳಿಯ ಪ್ರಕಾರ. ಹಾಡು ಯಾವ ಭಾಷೆಯದ್ದಾದರೂ ಎಲ್ಲರೂ ಹಾಡಬೇಕು. ಕೊಂಕಣಿ ಹಾಡನ್ನು ಕನ್ನಡ ಲಿಪಿಯಲ್ಲಿ, ಕನ್ನಡ ಹಾಡನ್ನು ದೇವನಾಗರಿಯಲ್ಲಿ ಬರೆದು ಹಂಚುತ್ತೇವೆ. ಪ್ರಾರ್ಥನೆ ಮಾತ್ರ ಅವರವರ ಮನೆಮಾತಿನಲ್ಲಿ. ಅವ್ವನ ಕಾಯಿಲೆಯ ಬಗ್ಗೆ ದೇವರ ಹತ್ತಿರ ಹೇಳಿಕೊಳ್ಳುವ ಹುಡುಗಿಗೆ ಬೇರೆ ಭಾಷೆಯ ವಾಕ್ಯ ಜೋಡಿಸುವ ಕಷ್ಟ ಕೊಡಬಾರದು. ಅರ್ಥವಾಗದವರು ಸುಮ್ಮನೆ ಜೊತೆಗಿದ್ದರೆ ಸಾಕು.

ಸಡಿಲಿಕೆ ಬೇಡ ಎಂದದ್ದು ಅಣಕದ ವಿಷಯದಲ್ಲಿ. ಯಾರ ಉಚ್ಚಾರವನ್ನಾದರೂ ಅಣಕಿಸಿದರೆ ಅಲ್ಲೇ ನಿಲ್ಲಿಸುತ್ತೇವೆ, ಆಮೇಲೆ ನೋಡೋಣ ಎಂದು ಬಿಡುವುದಿಲ್ಲ.

3. ಹಬ್ಬದ ಶಿಬಿರಕ್ಕಿಂತ ವರ್ಷವಿಡೀ ಕೈಗೆ ಸಿಗುವ ಪಟ್ಟಿ

ಚರ್ಚಿನ ಹಬ್ಬಕ್ಕೆ ರಕ್ತದಾನ ಶಿಬಿರ ಇಡುವುದು ಎಲ್ಲೆಡೆ ರೂಢಿ. ಬ್ಯಾನರ್, ಫೋಟೊ, ಬಿಸ್ಕಿಟ್, ಒಂದೇ ದಿನ ಸಾಲುಗಟ್ಟಿದ ಜನ. ಆದರೆ ರಕ್ತ ಬಹಳ ದಿನ ಇಡಲು ಬರುವುದಿಲ್ಲ. ಸಾಮಾನ್ಯ ಚೀಲದಲ್ಲಿ ಇಡೀ ರಕ್ತ 35 ದಿನ, ಪ್ಲೇಟ್‌ಲೆಟ್ ಐದೇ ದಿನ. ಥಲಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ನಮ್ಮ ಹಬ್ಬ ಯಾವ ತಿಂಗಳಲ್ಲಿದ್ದರೂ. ಮಳೆಗಾಲದಲ್ಲಿ ಡೆಂಗಿ ಬಂದಾಗ ಪ್ಲೇಟ್‌ಲೆಟ್‌ಗಾಗಿ ಜನ ರಾತ್ರಿ ಓಡಾಡುತ್ತಾರೆ.

ಆದ್ದರಿಂದ ಪಟ್ಟಿ ಮಾಡಿ: ಹೆಸರು, ಗುಂಪು, ಫೋನ್, ಕೊನೆಯ ಸಲ ಕೊಟ್ಟ ದಿನ. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಅಂತರ ಬೇಕು. ವಯಸ್ಸು 18 ದಾಟಿರಬೇಕು, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5. ಈ ಕೊನೆಯ ಅಂಕಿಯ ಹತ್ತಿರ ನಮ್ಮ ಹುಡುಗಿಯರು ಬಹಳ ಮಂದಿ ವಾಪಸಾಗುತ್ತಾರೆ. ಅದನ್ನು ಅಲ್ಲಿಗೇ ಬಿಡಬೇಡಿ. ದಾನ ಕೊಡಲು ಹೋದವಳ ಮೈಯಲ್ಲೇ ರಕ್ತ ಕಡಿಮೆ ಎಂಬುದು ಮನೆಯವರಿಗೆ ತಿಳಿಯಬೇಕು, ಡಾಕ್ಟರಿಗೆ ತೋರಿಸಬೇಕು. ಅವಳ ಆರೋಗ್ಯ ನೋಡುವುದೂ ಕೂಟದ ಸೇವೆಯೇ.

ರಾತ್ರಿ ಕರೆ ಬಂದಾಗ ಮೊದಲು ಎದ್ದು ಬರುವವರು ಫೌಂಡ್ರಿಯ ಹುಡುಗರು. ಪಾಳಿ ಕೆಲಸದಿಂದಾಗಿ ಭಾನುವಾರದ ಕೂಟಕ್ಕೆ ಬರಲಾಗದವರೂ ಇವರೇ. ಹಾಜರಿ ನೋಡಿ ಯಾರ ಭಕ್ತಿಯನ್ನೂ ಅಳೆಯಬೇಡಿ.

4. ಖಾನಾಪುರದ ಕೆಲಸಕ್ಕೆ ಮಳೆ, ಸುಗ್ಗಿ ಕೇಳಿ ದಿನ ಇಡಿ

ಮಲಪ್ರಭೆ ಹುಟ್ಟುವುದು ಈ ತಾಲ್ಲೂಕಿನ ಕಣಕುಂಬಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಳ್ಳ ತುಂಬಿ ಪಶ್ಚಿಮದ ಕಾಡಂಚಿನ ಊರುಗಳ ದಾರಿ ಕಡಿಯುತ್ತದೆ. ಆಮಗಾಂವ, ಗವಾಳಿಯಂಥ ಊರುಗಳಿರುವ ಭೀಮಗಡ 2011ರಿಂದ ವನ್ಯಜೀವಿಧಾಮ. ಅಲ್ಲಿಗೆ ಗುಂಪು ಕಟ್ಟಿಕೊಂಡು ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಬೇಕು. ನಗರದವರಿಗೆ ಮಳೆಯಲ್ಲಿ ಕಾಡು ನೋಡುವ ಆಸೆ ಜಾಸ್ತಿ. ಊರವರಿಗೆ ಅದೇ ನಾಟಿಯ ಹೊತ್ತು, ಅತಿಥಿಗಳಿಗೆ ಚಹಾ ಮಾಡಲೂ ಪುರುಸೊತ್ತಿರುವುದಿಲ್ಲ.

ಭತ್ತದ ಸುಗ್ಗಿ ಮುಗಿದ ಮೇಲೆ, ಮಾರ್ಚಿನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಸಿಗುವ ಮೂರು ತಿಂಗಳು ಪಾಠ ಹೇಳಲು ಒಳ್ಳೆಯ ಕಾಲ. ಮರಾಠಿ ಮಾಧ್ಯಮದ ಮಕ್ಕಳಿಗೆ ಗಣಿತಕ್ಕಿಂತ ಕನ್ನಡದ ಪತ್ರಿಕೆಯ ಭಯ ಹೆಚ್ಚು. ಅಲ್ಲಿ ನಮ್ಮ ಕನ್ನಡದ ಹುಡುಗರು ಬಂಗಾರದಂಥ ಕೆಲಸ ಮಾಡಿದ್ದಾರೆ, ಜೊತೆಗೆ ಮಕ್ಕಳಿಂದ ಮರಾಠಿ ಕಲಿತು ಬಂದಿದ್ದಾರೆ.

5. ನೆರೆ ಇಳಿದ ಮೇಲೆ ಪೆನ್ನು ಹಿಡಿದು ಹೋಗಿ

2019ರ ಆಗಸ್ಟಿನಲ್ಲಿ ಜಿಲ್ಲೆಯ ನದಿಗಳೆಲ್ಲ ಉಕ್ಕಿದಾಗ ಹಳೆ ಬಟ್ಟೆಯ ಗಂಟುಗಳು ಎಲ್ಲ ಕಡೆಯಿಂದ ಬಂದವು. ಬೇಕಾಗಿದ್ದದ್ದು ಬೇರೆ: ಕೆಸರು ತೆಗೆಯಲು ಸಲಿಕೆ, ಬುಟ್ಟಿ, ಹೆಣ್ಣುಮಕ್ಕಳಿಗೆ ಪ್ಯಾಡ್, ಒಣ ಹಾಸಿಗೆ. ಅದಕ್ಕಿಂತ ಹೆಚ್ಚಾಗಿ, ಕೂತು ಅರ್ಜಿ ತುಂಬುವವರು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಆದರೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ನೀರಲ್ಲಿ ಹೋಗಿದ್ದವು. ಬಿದ್ದ ಮಣ್ಣಿನ ಗೋಡೆಯ ಫೋಟೊ ತೆಗೆಯುವುದು, ಬ್ಯಾಂಕಿಗೆ ಜೊತೆಗೆ ಹೋಗುವುದು, ಗ್ರಾಮ ಲೆಕ್ಕಾಧಿಕಾರಿಯ ಹತ್ತಿರ ಸಾಲಲ್ಲಿ ನಿಲ್ಲುವುದು, ಇವು ಕಾಲೇಜು ಓದಿದವರು ಮಾಡಬಹುದಾದ ಸೇವೆ. ಫೋಟೊದಲ್ಲಿ ಚೆಂದ ಕಾಣುವುದಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ನಡುವೆ ಬಿಟ್ಟರೆ ಹಿಡಿಯದೇ ಇದ್ದದ್ದಕ್ಕಿಂತ ಕೆಟ್ಟದ್ದು.

6. ಸೇವೆಗೆ ಪ್ರತಿಯಾಗಿ ಏನನ್ನೂ ಕೇಳಬೇಡಿ, ಬಾಗಿಲು ತೆರೆದಿಟ್ಟು ಮಾಡಿ

2021ರ ಡಿಸೆಂಬರಿನಲ್ಲಿ ಇದೇ ಊರಿನ ಸುವರ್ಣ ವಿಧಾನಸೌಧದಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು, ಮರುವರ್ಷ ಅದು ಕಾನೂನಾಯಿತು. ಅದು ನಿಷೇಧಿಸಿದ ಮತಾಂತರದ ಆಮಿಷಗಳ ಪಟ್ಟಿಯಲ್ಲಿ ಉಡುಗೊರೆ, ಉಚಿತ ಶಿಕ್ಷಣದ ಮಾತೂ ಇತ್ತು. ಪಾಠ ಹೇಳುತ್ತಿದ್ದ ಹುಡುಗಿಯರ ಮನೆಗಳಲ್ಲಿ ಅಂಜಿಕೆ ಹೊಕ್ಕಿತು. "ಸುಮ್ನ ಮನ್ಯಾಗ ಇರ್ರಿ" ಎಂದ ತಂದೆ-ತಾಯಿಗಳನ್ನು ನಾನು ದೂರುವುದಿಲ್ಲ.

ನಿಲ್ಲಿಸದೆ ಮುಂದುವರಿಸಿದ್ದು ಹೀಗೆ. ಪಾಠ ಸರ್ಕಾರಿ ಶಾಲೆಯ ಕೋಣೆಯಲ್ಲೇ, ಹೆಡ್‌ಮಾಸ್ತರ್ ಮತ್ತು ಶಾಲಾ ಅಭಿವೃದ್ಧಿ ಸಮಿತಿಯವರ (ಎಸ್‌ಡಿಎಂಸಿ) ಲಿಖಿತ ಒಪ್ಪಿಗೆಯೊಂದಿಗೆ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಒಬ್ಬರೇ ಎಂದೂ ಇಲ್ಲ. ಕೊಡುವ ನೋಟ್‌ಬುಕ್ಕಿನಲ್ಲಿ ಪ್ರಾರ್ಥನಾ ಚೀಟಿ ಇರಬಾರದು. ಇದು ಬರೀ ಕಾನೂನಿಗೆ ಹೆದರಿ ಮಾಡಿದ್ದಲ್ಲ. ಹಸಿದವನಿಗೆ ಊಟ, ಸೆರೆಯಲ್ಲಿದ್ದವನಿಗೆ ಭೇಟಿ ಎಂದು ಹೇಳುವ ಮತ್ತಾಯನ ಸುಸಮಾಚಾರದ 25ನೇ ಅಧ್ಯಾಯದಲ್ಲಿ ಷರತ್ತಿನ ಮಾತೇ ಇಲ್ಲ. ಯಾಕೆ ಬರುತ್ತೀರಿ ಎಂದು ಊರವರು ಕೇಳಿದರೆ ಮುಚ್ಚಿಡಬೇಕಾಗಿಯೂ ಇಲ್ಲ: ಯೇಸುಸ್ವಾಮಿ ಹೀಗೆ ಮಾಡಿ ತೋರಿಸಿದ್ದಾರೆ, ಅದಕ್ಕೆ.

7. ಹೆಣ್ಣುಮಕ್ಕಳು ಮನೆ ಮುಟ್ಟುವ ಹೊತ್ತನ್ನು ನೋಡಿ ಕೂಟ ಮುಗಿಸಿ

ಖಾನಾಪುರದ ಬಸ್ಸು ಎಷ್ಟಕ್ಕೆ ಎಂಬುದು ಪ್ರಾರ್ಥನೆಯಷ್ಟೇ ಮುಖ್ಯ. ಒಮ್ಮೆ ತಡವಾದರೆ ಮನೆಯಿಂದ ಮುಂದಿನ ವಾರ ಕಳಿಸುವುದಿಲ್ಲ.

8. ದುಡ್ಡು

ಇಬ್ಬರ ಸಹಿ, ಪ್ರತಿ ಖರ್ಚಿಗೂ ರಸೀದಿ, ತಿಂಗಳಿಗೊಮ್ಮೆ ಎಲ್ಲರೆದುರು ಲೆಕ್ಕ ಓದುವುದು. ಆಪ್ತರ ನಡುವೆ ಇದು ಇನ್ನೂ ಹೆಚ್ಚು ಬೇಕು.

9. ಹೋಗುವವರನ್ನು ಲೆಕ್ಕದಲ್ಲಿಟ್ಟೇ ಕೆಲಸ ಹಂಚಿ

ಕೆಲಸ ಚೆನ್ನಾಗಿ ಕೈಗೆ ಹತ್ತುವ ಹೊತ್ತಿಗೆ ಹುಡುಗರು ಪುಣೆಗೋ ಬೆಂಗಳೂರಿಗೋ ಗೋವಾದ ಹೋಟೆಲಿಗೋ ಹೊರಡುತ್ತಾರೆ, ನರ್ಸಿಂಗ್ ಮುಗಿಸಿದವರು ಕೊಲ್ಲಿ ದೇಶಗಳಿಗೆ. ಬೇಸರ ಮಾಡಿಕೊಳ್ಳಬೇಡಿ, ಮನೆ ನಡೆಯುವುದು ಆ ಸಂಬಳದಿಂದ. ಪ್ರತಿ ಜವಾಬ್ದಾರಿಗೂ ಇಬ್ಬರನ್ನು ಇಡಿ, ಒಬ್ಬರು ಹಳಬರು, ಒಬ್ಬರು ಹೊಸಬರು. ಮಾಡುವ ಕ್ರಮವನ್ನು ಪುಸ್ತಕದಲ್ಲಿ ಬರೆಸಿ. ಹೋದ ಊರಿನ ಚರ್ಚಿಗೆ ಫಾದರ್ ಕೈಯಿಂದ ಒಂದು ಪತ್ರ ಬರೆಸಿ ಕೊಡಿ.

ಹಿಂದೆ ಉಳಿಯುವವರು ಅಪ್ಪ-ಅವ್ವ. ಖಾನಾಪುರದ ಕಡೆ ಮಕ್ಕಳೆಲ್ಲ ಹೊರಗಿದ್ದು ವಯಸ್ಸಾದವರಿಬ್ಬರೇ ಇರುವ ಮನೆಗಳು ಹೆಚ್ಚುತ್ತಿವೆ. ಈಗ ನಮ್ಮ ಕೂಟದ ಮುಖ್ಯ ಕೆಲಸ ಇದೇ: ಗುಳಿಗೆ ತಂದುಕೊಡುವುದು, ವಿಡಿಯೊ ಕರೆ ಹಚ್ಚಿಕೊಡುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು. ನವೆಂಬರಿನಲ್ಲಿ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡಬೇಕು; ಕೇಂದ್ರ ಸರ್ಕಾರದ ಪಿಂಚಣಿಯವರದ್ದನ್ನು ಈಗ ಫೋನಿಗೆ ಮುಖ ತೋರಿಸಿಯೂ ಮಾಡಬಹುದು. ಅದನ್ನು ಕಲಿತ ಹುಡುಗ-ಹುಡುಗಿಯರು ದೀಪಾವಳಿ ರಜೆಯಲ್ಲಿ ಜೋಡಿಜೋಡಿಯಾಗಿ ಲೋಂಡಾ, ನಂದಗಡದ ಕಡೆ ಮನೆಮನೆಗೆ ಹೋಗುತ್ತಾರೆ.