ಧರೆಗೆ ಗೋಡೆ ಕಟ್ಟುವ ಮುನ್ನ

2019ರ ಆಗಸ್ಟ್ ತಿಂಗಳು. ಆಶ್ಲೇಷಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜಾರಿ ಕೆಳಗಿನ ಅಡಿಕೆ ತೋಟ, ಗದ್ದೆಗಳ ಮೇಲೆ ಕೂತಿತು. ಅದರ ಹಿಂದಿನ ವರ್ಷ ಕೊಡಗು ಇದೇ ತಿಂಗಳಲ್ಲಿ ನಲುಗಿತ್ತು. ಆಮೇಲೆ 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು. ಸಾಗರ, ಹೊಸನಗರ, ತೀರ್ಥಹಳ್ಳಿಯ ಬೆಳೆಗಾರರಿಗೆ ಇವು ಯಾವುವೂ ದೂರದ ಊರಿನ ಸುದ್ದಿಯಲ್ಲ. ಇಲ್ಲಿ ಮನೆ ಹಿಂದೆ ಧರೆ, ತೋಟದ ತಲೆಗೆ ಧರೆ, ರಸ್ತೆ ಪಕ್ಕವೂ ಧರೆಯೇ.

ಮಲೆನಾಡಿನವರು ಧರೆ ಕುಸಿಯುವುದಕ್ಕೂ ಗುಡ್ಡ ಜಾರುವುದಕ್ಕೂ ಬೇರೆ ಬೇರೆ ಮಾತು ಬಳಸುವುದರಲ್ಲಿ ಅರ್ಥವಿದೆ. ಹತ್ತು ಹನ್ನೆರಡು ಅಡಿಯ ಧರೆಯನ್ನು ಬೆಳೆಗಾರ ಕೈಯಾರೆ ನಿಭಾಯಿಸಬಲ್ಲ. ಇಡೀ ಗುಡ್ಡವೇ ಹೊರಟಿದೆ ಎಂದಾದರೆ ಎಷ್ಟು ಲಕ್ಷದ ಗೋಡೆಯೂ ನಿಲ್ಲಿಸದು. ಅಲ್ಲಿ ಭೂವಿಜ್ಞಾನಿಯನ್ನು ಕರೆಸಬೇಕು, ಜನ ಜಾಗ ಬಿಡಬೇಕು. ಈ ಲೇಖನ ಧರೆಯ ಬಗ್ಗೆ.

ಧರೆಯನ್ನು ನೇರ ಕಡಿದಾಗ ಮೇಲೆ ಗಟ್ಟಿ ಜಂಬಿಟ್ಟಿಗೆ ಕಾಣುತ್ತದೆ. ಬೇಸಿಗೆಯಲ್ಲಿ ಹಾರೆ ಕೂಡ ಪುಟಿಯುವಷ್ಟು ಗಟ್ಟಿ. ಅದನ್ನು ನೋಡಿ ಹಿಟಾಚಿಯವರು ‘ಇದು ನೂರು ವರ್ಷ ನಿಲ್ಲತ್ತೆ’ ಎಂದು ಹೇಳಿ ಹೋಗುತ್ತಾರೆ. ತೊಂದರೆ ಇರುವುದು ಅದರ ಅಡಿಯ ಪದರದಲ್ಲಿ. ಜಂಬಿಟ್ಟಿಗೆಯ ಕೆಳಗೆ ಹಲವೆಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಶೇಡಿ ಮಣ್ಣಿರುತ್ತದೆ. ಒಣಗಿದ್ದಾಗ ಗೋಡೆಯಂತೆ ನಿಲ್ಲುವ ಶೇಡಿ, ನೀರು ಕುಡಿದರೆ ಹಿಟ್ಟಿನಂತೆ ಕರಗುತ್ತದೆ. ಕರಾವಳಿಯ ಎಂಜಿನಿಯರುಗಳಿಗೂ ಇದು ತಲೆನೋವೇ. ಸುಣ್ಣ, ಸಿಮೆಂಟು ಬೆರೆಸಿ ಗಟ್ಟಿ ಮಾಡುವ ಪ್ರಯೋಗಗಳು ಬಹಳಷ್ಟು ನಡೆದಿವೆ. ರೈತನಿಗೆ ಅಷ್ಟೆಲ್ಲ ಬೇಡ. ಧರೆಯ ಬುಡದಲ್ಲಿ ಶೇಡಿ ಇದೆಯೇ ಎಂದು ಗುದ್ದಲಿಯಿಂದ ಕೆದಕಿ ನೋಡಿಕೊಂಡರೆ ಅರ್ಧ ಕೆಲಸ ಆದಂತೆ.

ಇನ್ನು ನೀರಿನ ಲೆಕ್ಕ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಹುಲಿಕಲ್, ಮಾಸ್ತಿಕಟ್ಟೆ ಕಡೆಯೂ ಮಳೆಗೆ ಬರವಿಲ್ಲ. ಒಂದು ದಿನ 100 ಮಿ.ಮೀ. ಸುರಿದರೆ ಒಂದೇ ಎಕರೆಯ ಮೇಲೆ ಬೀಳುವ ನೀರು ಸುಮಾರು 4 ಲಕ್ಷ ಲೀಟರ್. ಸಾವಿರ ಚದರಡಿಯ ಮಾಡಿನಿಂದಲೇ 9,000 ಲೀಟರಿಗಿಂತ ಹೆಚ್ಚು ಇಳಿಯುತ್ತದೆ.

ಹತ್ತು ಅಡಿ ಎತ್ತರದ ಗೋಡೆಯ ಹಿಂದೆ ಸಾಧಾರಣ ಮಣ್ಣು ಒಣಗಿದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದವನ್ನು ಅದು ದೂಡುವ ಬಲ ಸುಮಾರು ಎರಡೂಮುಕ್ಕಾಲು ಟನ್. ಅದೇ ಗೋಡೆಯ ಹಿಂದೆ ನೀರು ತುಂಬಿ ನಿಂತರೆ ಬಲ ಆರು ಟನ್ನಿನ ಹತ್ತಿರಕ್ಕೆ ಏರುತ್ತದೆ. ಎರಡರಷ್ಟಕ್ಕೂ ಮಿಗಿಲು. ಗಟ್ಟಿಯಾಗಲೆಂದು ಕಲ್ಲಿನ ಸಂದಿಗೆಲ್ಲ ಸಿಮೆಂಟು ಮೆತ್ತಿ, ತೂತಿಡದೆ ಕಟ್ಟಿದ ಗೋಡೆಗಳು ಎರಡನೇ ಮಳೆಗಾಲಕ್ಕೆ ಹೊಟ್ಟೆ ಬಿಟ್ಟುಕೊಳ್ಳುವುದು ಇದೇ ಕಾರಣಕ್ಕೆ. ತೀರ್ಥಹಳ್ಳಿಯವರು ಕವಲೇದುರ್ಗ ಹತ್ತಿದಾಗ ಕೆಳದಿ ಅರಸರ ಕಾಲದ ಗೋಡೆಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡಬೇಕು: ಭಾರದ ಕಲ್ಲು, ಕಲ್ಲಿಗೆ ಕಲ್ಲು ಹೊಂದಿಸಿದ ಸಾಲು.

ಆದ್ದರಿಂದ ಕೆಲಸ ಮೇಲಿನಿಂದ ಶುರುವಾಗಬೇಕು. ಧರೆಯ ಅಂಚಿನಿಂದ ಹತ್ತು ಹದಿನೈದು ಅಡಿ ಹಿಂದೆ, ಇಳಿಜಾರಿಗೆ ಅಡ್ಡಲಾಗಿ ಒಂದು ಕಾಲುವೆ ತೆಗೆದು, ಮೇಲಿನ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಬೇಕು. ತಳಕ್ಕೆ ಕಲ್ಲು ಹಾಸಿಯೋ ಕಾಂಕ್ರೀಟು ಹಾಕಿಯೋ ನೀರು ಇಂಗದಂತೆ ಮಾಡದಿದ್ದರೆ ಆ ಕಾಲುವೆಯೇ ಬಿರುಕಾಗುತ್ತದೆ. ತೋಟದೊಳಗೆ ವರ್ಷವರ್ಷ ಕಪ್ಪು ಬಿಡಿಸುವ ಬೆಳೆಗಾರ ಧರೆಯ ತಲೆಯ ಕಾಲುವೆಯನ್ನು ಮಾತ್ರ ಮರೆಯುವುದು ವಿಚಿತ್ರ. ಬಚ್ಚಲು ನೀರು, ಮಾಡಿನ ನೀರು, ಶೌಚದ ಗುಂಡಿ ಯಾವುದೂ ಅಂಚಿನ ಬಳಿ ಇರಕೂಡದು.

ಇಂಗುಗುಂಡಿಯ ಮಾತೂ ಇಲ್ಲೇ ಬರುತ್ತದೆ. ನೀರಿಂಗಿಸುವುದು ಒಳ್ಳೆಯ ಕೆಲಸ, ಆದರೆ ಜಾಗ ನೋಡಿ. ಕಡಿದಾದ ಇಳಿಜಾರಿನಲ್ಲಿ, ಶೇಡಿ ಮಣ್ಣಿನ ಧರೆಯ ನೆತ್ತಿಯ ಮೇಲೆ ಗುಂಡಿ ತೋಡುವುದೆಂದರೆ ಜಾರುವ ಪದರಕ್ಕೆ ಕೈಯಾರೆ ನೀರೂಡಿಸಿದಂತೆ. ಅದನ್ನು ತಗ್ಗಿನ ಬ್ಯಾಣಕ್ಕೆ, ಸಪಾಟು ಜಾಗಕ್ಕೆ ಒಯ್ಯಬೇಕು.

ನೀರಿಗೆ ದಾರಿಯಾದ ಮೇಲೆ ಧರೆಯ ಆಕಾರ. ಗೋಡೆಯ ಎತ್ತರ ಇಮ್ಮಡಿಯಾದರೆ ಮಣ್ಣು ದೂಡುವ ಬಲ ನಾಲ್ಕು ಪಟ್ಟು, ಗೋಡೆಯನ್ನು ಮಗುಚುವ ಶಕ್ತಿ ಎಂಟು ಪಟ್ಟು. ಹದಿನೈದು ಅಡಿಯನ್ನು ಒಂದೇ ಏಟಿಗೆ ನೇರ ಕಡಿಯುವ ಬದಲು ಐದೈದು ಅಡಿಯ ಮೂರು ಮೆಟ್ಟಿಲು ಮಾಡಿ, ಪ್ರತಿ ಮೆಟ್ಟಿಲು ಒಳಮುಖವಾಗಿ ವಾಲುವಂತೆ ಬಿಟ್ಟು, ಒಳಬದಿಯಲ್ಲಿ ಸಣ್ಣ ಬಸಿಗಾಲುವೆ ಇಡುವುದು ಕ್ಷೇಮ. ಜಾಗ ಹೋಗುತ್ತದೆ, ನಿಜ. ಆದರೆ ನಾಲ್ಕು ಸಾಲು ಅಡಿಕೆ ಹೆಚ್ಚಾಗಲೆಂದು ಗುಡ್ಡದ ಬುಡ ಕಡಿದವರ ಲೆಕ್ಕ ಎಷ್ಟೋ ಕಡೆ ತಲೆಕೆಳಗಾಗಿದೆ.

ಆರು ಅಡಿಯವರೆಗಿನ ಗೋಡೆಗೆ ಸಿಮೆಂಟಿಲ್ಲದ ಸೈಜುಗಲ್ಲಿನ ಕಟ್ಟಡವೇ ಸಾಕು. ಬುಡದ ಅಗಲ ಎತ್ತರದ ಅರ್ಧದಿಂದ ಮೂರನೇ ಎರಡರಷ್ಟು ಬೇಕು. ಮುಖ ಗುಡ್ಡದ ಕಡೆ ಸ್ವಲ್ಪ ವಾಲಿರಬೇಕು. ಅಡಿಪಾಯ ತುಂಬಿದ ಮಣ್ಣಿನ ಮೇಲೆ ಕೂರದೆ ಗಟ್ಟಿ ನೆಲ ಮುಟ್ಟಬೇಕು. ಹಿಂದೆ ಒಂದು ಅಡಿಗೂ ಹೆಚ್ಚು ದಪ್ಪ ಜಲ್ಲಿ ತುಂಬಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಸೋಸುವ ಬಟ್ಟೆ ಹಾಕಿದರೆ ಮಣ್ಣು ಬಂದು ಸಂದಿ ಕಟ್ಟಿಕೊಳ್ಳುವುದಿಲ್ಲ. ಕಾಂಕ್ರೀಟು ಗೋಡೆಯಾದರೆ ಮೂರರಿಂದ ನಾಲ್ಕು ಇಂಚಿನ ಪಿವಿಸಿ ಪೈಪನ್ನು ನಾಲ್ಕೈದು ಅಡಿಗೊಂದರಂತೆ, ಹೊರಮುಖವಾಗಿ ಇಳಿಜಾರು ಕೊಟ್ಟು ಕೂರಿಸಬೇಕು. ನೆಲ ಸ್ವಲ್ಪ ಕುಸಿಯುವ ಅಂದಾಜಿದ್ದರೆ ತಂತಿ ಬಲೆಯ ಪೆಟ್ಟಿಗೆಗೆ ಕಲ್ಲು ತುಂಬಿದ ಗೋಡೆ ಒಳ್ಳೆಯದು. ಅದು ಬಗ್ಗುತ್ತದೆ, ಒಡೆಯುವುದಿಲ್ಲ. ಹತ್ತು ಅಡಿ ದಾಟಿದರೆ ಎಂಜಿನಿಯರಿಗೆ ಕೊಡುವ ಹಣ ಉಳಿಸಲು ಹೋಗಬಾರದು.

ಮನೆಯ ಪಂಚಾಂಗಕ್ಕೂ ಇದೇ ಮಾತು. ಅರ್ಧ ಕಡಿದ ನೆಲದ ಮೇಲೆ, ಅರ್ಧ ಅದೇ ಮಣ್ಣು ಸುರಿದು ಮಟ್ಟ ಮಾಡಿದ ಜಾಗದ ಮೇಲೆ ಕೂತ ಮನೆ ನಡುವೆ ಸೀಳುತ್ತದೆ.

ಗಿಡಗಳ ಪೈಕಿ ಲಾವಂಚ ನಂಬಿಕಸ್ಥ. ಗುಂಡ್ಲುಪೇಟೆಯ ರೈತರು ಹೊಲದ ಅಂಚಿಗೆ ಅದನ್ನು ಬಹುಕಾಲದಿಂದ ಬೆಳೆಸುತ್ತಿದ್ದರು; 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಅದರ ಗುಣವನ್ನು ಜಗತ್ತಿಗೆಲ್ಲ ಹೇಳಿದರು. ಬೇರು ನೇರವಾಗಿ ಹತ್ತು ಅಡಿಯವರೆಗೂ ಇಳಿಯಬಲ್ಲದು. ಆದರೆ ಅದಕ್ಕೆ ಬಿಸಿಲು ಬೇಕು. ಅಡಿಕೆಯ ನೆರಳಲ್ಲಿ ನೆಟ್ಟರೆ ಏಳುವುದಿಲ್ಲ. ಬೇರು ಹಿಡಿಯುವವರೆಗೆ ತೆಂಗಿನ ನಾರಿನ ಬಲೆ ಹೊದಿಸಿದರೆ ಮೊದಲ ಮಳೆ ದಾಟುತ್ತದೆ. ಮರ ಕಡಿದ ವರ್ಷವೇ ಧರೆ ಬೀಳಲಿಲ್ಲವೆಂದು ನೆಮ್ಮದಿಯಾಗುವುದೂ ಬೇಡ. ಬೇರು ಕೊಳೆತು ಹಿಡಿತ ಸಡಿಲವಾಗಲು ಕೆಲವು ವರ್ಷ ಹಿಡಿಯುತ್ತದೆ.

ಕಮಾನಿನಾಕಾರದ ಬಿರುಕು, ಒಂದೇ ಕಡೆ ವಾಲಿದ ಅಡಿಕೆ ಸಾಲು, ಇದ್ದಕ್ಕಿದ್ದಂತೆ ಕೆಂಪಾದ ಒರತೆ, ಕೂರದ ಬಾಗಿಲು. ಇವು ಕಂಡ ರಾತ್ರಿ ಧರೆ ಬದಿಯ ಕೋಣೆಯಲ್ಲಿ ಮಲಗಬಾರದು. ಬಿರುಕಿಗೆ ಜಿಗುಟು ಮಣ್ಣು ತುಂಬಿ ಬಡಿದು, ಮೇಲೆ ಪ್ಲಾಸ್ಟಿಕ್ ಹೊದಿಸಬೇಕು. ಕೊಳೆ ಬಾರದಂತೆ ಗೊನೆಗೆ ಕೊಟ್ಟೆ ಕಟ್ಟುವವರಿಗೆ ಇದು ಹೊಸ ವಿದ್ಯೆಯೇನಲ್ಲ.

ಗೋಡೆ ಕೆಲಸವೆಲ್ಲ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಕಟ್ಟಿದ ಮೇಲೆ ಆರಿದ್ರಾ ಮಳೆಯ ಹೊತ್ತಿಗೆ ಪೈಪುಗಳ ಬಾಯಿ ನೋಡಬೇಕು. ಎರಡು ದಿನ ಜೋರು ಮಳೆಯಾದರೂ ಒಂದು ಹನಿ ತೊಟ್ಟಿಕ್ಕದ ಪೈಪು ಕಟ್ಟಿಕೊಂಡಿದೆ ಎಂದೇ ಲೆಕ್ಕ. ಉದ್ದನೆಯ ಸರಳು ತೂರಿಸಿ ಅಂದೇ ಬಿಡಿಸಬೇಕು.