ಗಣಕಯಂತ್ರದ ಜ್ವರ ಮತ್ತು ನಾಡಿ

ಶಾಲೆಯ ಸುವರ್ಣ ಮಹೋತ್ಸವದ ನಿಮಿತ್ತ ಹಳೆಯ ವಿದ್ಯಾರ್ಥಿಗಳ ಯಾದಿಯನ್ನು ಸಿದ್ಧಪಡಿಸುವ ಕೆಲಸ ಏಪ್ರಿಲ್ ತಿಂಗಳಲ್ಲಿ ನಡೆದಿತ್ತು. ಐವತ್ತು ವರ್ಷಗಳ ಜನರಲ್ ರಜಿಸ್ಟರುಗಳಿಂದ ಒಂದೊಂದೇ ಹೆಸರನ್ನು ನಾನು ಓದಿ ಹೇಳುವುದು, ಇಬ್ಬರು ವಿದ್ಯಾರ್ಥಿನಿಯರು ಅದನ್ನು ಗಣಕಯಂತ್ರದಲ್ಲಿ ಕನ್ನಡದಲ್ಲಿ ಮೂಡಿಸುವುದು ಎಂದು ಗೊತ್ತುಮಾಡಿಕೊಂಡಿದ್ದೆವು. ಮೊದಲ ರಜಿಸ್ಟರುಗಳ ಹಾಳೆಗಳು ಮುಟ್ಟಿದರೆ ಮುರಿಯುತ್ತವೆ, ಶಾಯಿ ಮಾಸಿದೆ. ಈಗ ಬರೆದಿಡದಿದ್ದರೆ ಆ ಹೆಸರುಗಳು ಮತ್ತೆ ದೊರೆಯಲಾರವು.

ಬೆಳಿಗ್ಗೆ ಕೆಲಸ ಸುಗಮವಾಗಿ ಸಾಗುತ್ತಿತ್ತು. ಹನ್ನೆರಡರ ನಂತರ ಅಕ್ಷರಗಳು ತಡವಾಗಿ ಮೂಡತೊಡಗುತ್ತಿದ್ದವು. ಎರಡರ ಸುಮಾರಿಗೆ ಯಂತ್ರವು ತಟ್ಟನೆ ಆರಿಹೋಗುತ್ತಿತ್ತು. ಮೂರನೆಯ ದಿನ ಹೀಗಾದಾಗ, ಉಳಿಸದೆ ಬಿಟ್ಟಿದ್ದ ಎರಡು ವರ್ಷಗಳ ಹೆಸರುಗಳು ಅಳಿದುಹೋದವು. ವಿದ್ಯುತ್ತಿನ ದೋಷವೆಂದು ಒಬ್ಬರು ಹೇಳಿದರು, ವೈರಸ್ಸೆಂದು ಇನ್ನೊಬ್ಬರು. ದುರಸ್ತಿಗೆ ಬಂದ ತರುಣನಂತೂ ಹೊಸ ಯಂತ್ರವನ್ನೇ ಕೊಳ್ಳಬೇಕೆಂದು ಹೇಳಿಹೋದನು. ಯಾರೂ ಅದರ ಜ್ವರವನ್ನು ಅಳೆದು ನೋಡಿರಲಿಲ್ಲ.

ಜ್ವರಮಾಪಕವು ಯಂತ್ರದೊಳಗೇ ಇರುತ್ತದೆಂಬುದು ಬಹು ಜನರಿಗೆ ತಿಳಿಯದು. ಸಿಲಿಕಾನ್ ಡಯೋಡಿನಲ್ಲಿ ಸ್ಥಿರವಾದ ವಿದ್ಯುತ್ ಪ್ರವಾಹ ಹರಿಯುತ್ತಿರುವಾಗ, ಉಷ್ಣತೆ ಒಂದು ಡಿಗ್ರಿ ಏರಿದರೆ ಅದರ ವೋಲ್ಟೇಜು ಸುಮಾರು 2 ಮಿಲಿವೋಲ್ಟಿನಷ್ಟು ಇಳಿಯುತ್ತದೆ. ಪಾದರಸದ ಏರಿಕೆಯಿಂದ ಜ್ವರವನ್ನು ತಿಳಿಯುವಂತೆ ಈ ಇಳಿಕೆಯಿಂದ ಪ್ರೊಸೆಸರಿನ ಬಿಸಿಯನ್ನು ತಿಳಿಯಬಹುದು. 1990ರ ದಶಕದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ78ರಂತಹ ಚಿಪ್ಪುಗಳು ಉಷ್ಣತೆ, ಫ್ಯಾನುಗಳ ವೇಗ, ವೋಲ್ಟೇಜು ಈ ಮೂರನ್ನೂ ಒಂದೆಡೆ ಅಳೆಯತೊಡಗಿದವು. ಈಗ ಈ ವ್ಯವಸ್ಥೆಯು ಪ್ರತಿಯೊಂದು ಮದರ್‌ಬೋರ್ಡಿನಲ್ಲಿಯೂ ಇರುತ್ತದೆನ್ನಬಹುದು.

ಫ್ಯಾನಿನ ವೇಗವನ್ನು ಅಳೆಯುವ ಬಗೆ ಇನ್ನೂ ಸ್ವಾರಸ್ಯಕರವಾದುದು. ಸೈಕಲ್ಲಿನ ಗಾಲಿಯ ಕಡ್ಡಿಗೆ ರಟ್ಟಿನ ತುಂಡನ್ನು ಸಿಕ್ಕಿಸಿ, ಅದು ಟಕ್ ಟಕ್ ಎನ್ನುವುದನ್ನು ಎಣಿಸಿದ ಬಾಲ್ಯ ನಮ್ಮೆಲ್ಲರದೂ ಆಗಿದೆ. ಇಲ್ಲಿಯೂ ಅದೇ ಉಪಾಯ. ಫ್ಯಾನಿನೊಳಗಿನ ಅಯಸ್ಕಾಂತವು ಸುತ್ತುವಾಗ ಒಂದು ಸಣ್ಣ ಸಂವೇದಕವು ಸಾಮಾನ್ಯವಾಗಿ ಒಂದು ಸುತ್ತಿಗೆ ಎರಡು ಸ್ಪಂದನಗಳನ್ನು ಮೂರನೆಯ ತಂತಿಯ ಮೂಲಕ ಕಳುಹಿಸುತ್ತದೆ. ಸೆಕೆಂಡಿಗೆ 50 ಸ್ಪಂದನಗಳು ಬಂದರೆ 25 ಸುತ್ತುಗಳಾದವು, ನಿಮಿಷಕ್ಕೆ 1,500. ನಾಲ್ಕನೆಯ ತಂತಿ ಇದ್ದರೆ ಅದರ ಮೂಲಕ ಮದರ್‌ಬೋರ್ಡು ವೇಗವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಎರಡೇ ತಂತಿಗಳ ಫ್ಯಾನು ಚೆನ್ನಾಗಿ ಸುತ್ತುತ್ತಿದ್ದರೂ ಪರದೆಯ ಮೇಲೆ ಸೊನ್ನೆಯೇ ಕಾಣುವುದು. ಅದಕ್ಕೆ ಗಾಬರಿಯಾಗಬಾರದು.

ಈ ಅಂಕಿಗಳನ್ನು ನೋಡಲು ಯಂತ್ರ ಆರಂಭವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತಿ ಬಯೋಸ್ ಪುಟಕ್ಕೆ ಹೋಗಬೇಕು. ಕೆಲವು ಯಂತ್ರಗಳಲ್ಲಿ ಕೀಲಿ ಬೇರೆ ಇರುತ್ತದೆ. ಆದರೆ ಅಲ್ಲಿ ಕಾಣುವುದು ದುಡಿಯದ ಯಂತ್ರದ ಉಷ್ಣತೆ. ದುಡಿಯುವಾಗ ನೋಡಲು ವಿಂಡೋಸಿನಲ್ಲಿ ಎಚ್‌ಡಬ್ಲ್ಯೂಮಾನಿಟರ್ ಎಂಬ ತಂತ್ರಾಂಶವೂ ಲಿನಕ್ಸಿನಲ್ಲಿ ಸೆನ್ಸರ್ಸ್ ಎಂಬ ಆಜ್ಞೆಯೂ ಉಚಿತವಾಗಿ ದೊರೆಯುತ್ತವೆ.

ನಾವು ನೋಡಿದಾಗ ಬೆಳಿಗ್ಗೆ ಕೋಣೆಯ ಉಷ್ಣತೆ 30 ಡಿಗ್ರಿ, ಪ್ರೊಸೆಸರಿನದು 90. ಎರಡರ ನಡುವಿನ ಅಂತರ 60. ಇಲ್ಲಿ ಗಮನಿಸಬೇಕಾದುದು ಈ ಅಂತರವನ್ನೇ. ಫ್ಯಾನು ಕೋಣೆಯ ಗಾಳಿಯನ್ನು ಬೀಸಬಲ್ಲದು, ಅದನ್ನು ತಣ್ಣಗೆ ಮಾಡಲಾರದು. ಆದುದರಿಂದ ಯಂತ್ರದ ಕೆಲಸ ಒಂದೇ ಪ್ರಮಾಣದಲ್ಲಿದ್ದರೆ ಕೋಣೆ ಎಷ್ಟು ಏರುತ್ತದೆಯೋ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಮ್ಮ ಸೊಲ್ಲಾಪುರ, ಅಕ್ಕಲಕೋಟಗಳ ಬೇಸಿಗೆಯಲ್ಲಿ ತಗಡಿನ ಮಾಡಿನ ಕೋಣೆ ಮಧ್ಯಾಹ್ನ 41 ಡಿಗ್ರಿ ಮುಟ್ಟುವುದು ಏನು ದೊಡ್ಡದು? ಆಗ ಲೆಕ್ಕ 101ಕ್ಕೆ ಬರುತ್ತದೆ. ಅನೇಕ ಪ್ರೊಸೆಸರುಗಳ ಮಿತಿ 100ರ ಆಸುಪಾಸಿನಲ್ಲಿರುವುದು. ಮಿತಿ ಮುಟ್ಟಿದಾಗ ಪ್ರೊಸೆಸರು ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಅಕ್ಷರಗಳು ತಡವಾದದ್ದು ಅದಕ್ಕಾಗಿಯೇ. ಅದೂ ಸಾಲದಾದಾಗ ಸುಟ್ಟುಹೋಗದಂತೆ ತಾನೇ ಆರುತ್ತದೆ.

ಇನ್ನು ನಾಡಿ ನೋಡಿದೆವು. ಫ್ಯಾನು ನಿಮಿಷಕ್ಕೆ 2,600 ಸುತ್ತು ಓಡುತ್ತಿತ್ತು, ಎಂದರೆ ತನ್ನ ಪೂರ್ಣ ವೇಗದಲ್ಲಿ. ಜ್ವರವೂ ಹೆಚ್ಚು, ನಾಡಿಯೂ ಜೋರು ಎಂದಾಗ ಫ್ಯಾನು ನಿರಪರಾಧಿ, ಗಾಳಿಯ ದಾರಿಯೇ ಕಟ್ಟಿದೆ ಎಂದು ಶಂಕಿಸಬೇಕು. ಜ್ವರ ಹೆಚ್ಚಾಗಿ ನಾಡಿ ಕ್ಷೀಣಿಸಿದ್ದರೆ ಫ್ಯಾನಿನ ಬೇರಿಂಗನ್ನು ನೋಡಬೇಕು. ದಾರಿಯೂ ಸ್ವಚ್ಛವಿದ್ದು ಫ್ಯಾನೂ ಸರಿಯಿದ್ದರೆ, ಪ್ರೊಸೆಸರಿಗೂ ಅದರ ಮೇಲಿನ ಲೋಹದ ಹೀಟ್‌ಸಿಂಕಿಗೂ ನಡುವೆ ಸವರಿರುವ ಲೇಪ ಒಣಗಿರುವ ಸಂಭವವುಂಟು.

ಪ್ಲಗ್ಗನ್ನು ಕಿತ್ತು ಪೆಟ್ಟಿಗೆಯನ್ನು ತೆರೆದೆವು. ಹೀಟ್‌ಸಿಂಕಿನ ಸಂದುಗಳಲ್ಲಿ ಬೂದುಬಣ್ಣದ ಕಂಬಳಿಯನ್ನೇ ನೇಯ್ದಂತೆ ಹತ್ತಿಯ ನವಿರು ಕುಳಿತಿತ್ತು! ಚಾದರು, ಟಾವೆಲ್ಲುಗಳಿಗೆ ಹೆಸರಾದ ಊರಿನಲ್ಲಿ, ಯಂತ್ರಮಗ್ಗಗಳ ಓಣಿಯಲ್ಲಿ ಇದು ಸಹಜವೇ. ಪುಸ್ತಕಗಳು ಧೂಳು ಎಂದಷ್ಟೇ ಹೇಳುತ್ತವೆ. ಹತ್ತಿಯ ಎಳೆ ಮಣ್ಣಿನಂತೆ ಉದುರದೆ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ವಿದ್ಯಾರ್ಥಿನಿಯರಲ್ಲಿ ಒಬ್ಬಳು ನಕ್ಕು, “ಸರ್, ನಮ್ಮ ಮನಿ ಮಗ್ಗದ ಮೋಟಾರಿಗೂ ಹಿಂಗ ಹತ್ತಿ ಕೂಡತದರಿ, ವಾರಕ್ಕೊಮ್ಮೆ ಅಪ್ಪ ತಗೀತಾನ್ರಿ” ಎಂದಳು. ಮೂರು ದಿನಗಳಿಂದ ನಾವು ಹಿರಿಯರು ತಲೆಕೆಡಿಸಿಕೊಂಡಿದ್ದ ಪ್ರಶ್ನೆಗೆ ಉತ್ತರ ಅವಳ ಮನೆಯಲ್ಲೇ ಇತ್ತು.

ಮೃದುವಾದ ಕುಂಚದಿಂದಲೂ ಗಾಳಿ ಊದುವ ಬ್ಲೋವರಿನಿಂದಲೂ ಅವಳೇ ಅದನ್ನು ತೆಗೆದಳು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅತಿವೇಗದಿಂದ ಸುತ್ತಿ ಬೇರಿಂಗ್ ಕೆಡಬಹುದು. ಒದ್ದೆ ಬಟ್ಟೆಯನ್ನಂತೂ ಒಳಗೆ ತರಲೇಬಾರದು.

ಮರುದಿನ ಮಧ್ಯಾಹ್ನ ಎರಡಕ್ಕೆ ಕೋಣೆ ಅದೇ 41 ಡಿಗ್ರಿ. ಪ್ರೊಸೆಸರು 72, ಫ್ಯಾನು 1,500. ಅಂತರವು 60ರಿಂದ 31ಕ್ಕೆ ಇಳಿದಿತ್ತು, ಖರ್ಚು ಏನೂ ಇಲ್ಲ. ಈಗ ಆ ಹುಡುಗಿಯರು ಪ್ರತಿ ಶನಿವಾರ ಕೋಣೆಯ ಉಷ್ಣತೆ, ಪ್ರೊಸೆಸರಿನ ಉಷ್ಣತೆ ಮತ್ತು ಫ್ಯಾನಿನ ವೇಗವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅಂತರ 45 ದಾಟಿದರೆ ಪೆಟ್ಟಿಗೆ ತೆರೆಯಬೇಕೆಂದು ನಾವೇ ನಿಯಮ ಮಾಡಿಕೊಂಡಿದ್ದೇವೆ.

ಅಳಿದುಹೋದ ಎರಡು ವರ್ಷಗಳ ಹೆಸರುಗಳನ್ನು ಪುನಃ ಓದಿ ಹೇಳಿದೆನು. ಈ ಸಂಚಿಕೆಯ ಕೊನೆಯಲ್ಲಿ ಅಚ್ಚಾಗಿರುವ ಯಾದಿಯು ಆ ಯಂತ್ರದಲ್ಲಿಯೇ ಸಿದ್ಧವಾದುದು.